ಮುಗಿಯದ ಚಿತ್ರದ ಮೊದಲ ನೋಟಕರು

ಮಗಳು ರಾತ್ರಿ ಹನ್ನೊಂದು ಗಂಟೆಯವರೆಗೆ ಕಂಪ್ಯೂಟರಿನ ಮುಂದೆ ಕುಳಿತು ಆನೆಯೊಂದರ ಕಾಲನ್ನು ಎತ್ತಿಸುವುದು, ಇಳಿಸುವುದು, ಪುನಃ ಎತ್ತಿಸುವುದು, ಪುನಃ ಇಳಿಸುವುದು, ಇಷ್ಟನ್ನೇ ಮಾಡುತ್ತಿರುವುದನ್ನು ಕಂಡ ತಾಯಿಯು “ಇದೂ ಒಂದು ಓದೇ?” ಎಂದು ಬೆರಗಾಗುವುದು ಈಚೆಗೆ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿಯಾಗಿದೆ. ಓದೇ ಹೌದು. ಅದಕ್ಕೆ ಅನಿಮೇಷನ್ ಎಂದು ಹೆಸರು. ಲ್ಯಾಟಿನ್ ಭಾಷೆಯಿಂದ ಬಂದ ಈ ಮಾತಿಗೆ ಉಸಿರು ಕೊಡುವುದು, ಜೀವ ತುಂಬುವುದು ಎಂಬುದೇ ಮೂಲಾರ್ಥ. ಕರ್ನಾಟಕ ಸರ್ಕಾರವು 2012ರಲ್ಲಿಯೇ ಈ ಉದ್ಯಮಕ್ಕಾಗಿ ಪ್ರತ್ಯೇಕವಾದ ನೀತಿಯೊಂದನ್ನು ಪ್ರಕಟಿಸಿತು. 2024ರಲ್ಲಿ ಹೊಸದೊಂದನ್ನು ಹೊರಡಿಸಿತು. ಆದಕಾರಣ ಬೆಂಗಳೂರು ಮೈಸೂರುಗಳ ಮಕ್ಕಳಿಗೆ ಮಾತ್ರವಲ್ಲದೆ, ಚಾಮರಾಜನಗರ ಗುಂಡ್ಲುಪೇಟೆಗಳಂಥ ಊರುಗಳ ಮಕ್ಕಳಿಗೂ ಈ ವಿದ್ಯೆಯ ಕಡೆಗೆ ಮನಸ್ಸು ಹರಿದಿದ್ದರೆ ಆಶ್ಚರ್ಯವೇನೂ ಇಲ್ಲ.

ಆ ವಿದ್ಯೆಯನ್ನು ಪೂರ್ತಿಯಾಗಿ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶವಲ್ಲ. ಅದರ ಒಂದು ಸಣ್ಣ ಭಾಗವನ್ನು ಮಾತ್ರ ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಅದೇನೆಂದರೆ, ವಿದ್ಯಾರ್ಥಿಯು ತನ್ನ ಚಿತ್ರವು ಇನ್ನೂ ಅರ್ಧದಲ್ಲಿರುವಾಗಲೇ ಅದನ್ನು ಜೊತೆಯವರಿಗೆ ತೋರಿಸಿ ಅವರ ಅಭಿಪ್ರಾಯವನ್ನು ಪಡೆಯುವುದು. ಇದು ಕಾಲೇಜಿನ ನಾಲ್ಕು ಗೋಡೆಗಳ ಒಳಗಿನ ಮಾತಲ್ಲವೇ, ಮನೆಯವರಿಗೆ ಇದರಿಂದ ಏನಾಗಬೇಕು ಎಂದು ವಾಚಕರು ಕೇಳಬಹುದು. ಆದರೆ ರಜೆಗೆ ಮನೆಗೆ ಬಂದ ಮಗುವು ಆ ಅರೆಬರೆಯ ಚಿತ್ರವನ್ನು ಮೊದಲು ತೋರಿಸುವುದು ಯಾರಿಗೆ? ಅಡಿಗೆಮನೆಯಲ್ಲಿರುವ ತಾಯಿಗೆ, ಜಗುಲಿಯಲ್ಲಿರುವ ಅಜ್ಜಿಗೆ, ಪಕ್ಕದಲ್ಲಿ ಬಂದು ಇಣುಕುವ ತಮ್ಮನಿಗೆ. ಅವರು ಆಗ ಆಡುವ ಒಂದೆರಡು ಮಾತುಗಳ ಮೇಲೆ ಕೆಲವು ತಿಂಗಳ ದುಡಿಮೆಯ ಗತಿಯು ನಿಂತಿರುತ್ತದೆ. ಆ ದುಡಿಮೆಯು ಎಷ್ಟೆಂಬುದನ್ನು ಮೊದಲು ತಿಳಿಯೋಣ.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಕಣ್ಣ ಮುಂದೆ ಹಾದುಹೋಗುತ್ತವೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಎಳ್ಳಷ್ಟು ವ್ಯತ್ಯಾಸ. ಅವು ಬೇಗಬೇಗನೆ ಬಂದಾಗ ಕಣ್ಣಿಗೆ ಚಲನೆಯಾಗಿ ತೋರುವುದು. ಎರಡು ನಿಮಿಷದ ಒಂದು ಸಣ್ಣ ಚಿತ್ರಕ್ಕೆ ಹೀಗೆ 2,880 ಚಿತ್ರಗಳು ಬೇಕು. ಒಂದೊಂದು ಚಿತ್ರವನ್ನೂ ಎರಡೆರಡು ಸಲ ತೋರಿಸಿ ಶ್ರಮವನ್ನು ಅರ್ಧಕ್ಕೆ ಇಳಿಸುವುದು ವಾಡಿಕೆಯಾದರೂ 1,440 ಚಿತ್ರಗಳನ್ನು ಬರೆಯದೆ ಗತಿಯಿಲ್ಲ. ಒಂದಕ್ಕೆ ಹತ್ತೇ ನಿಮಿಷವೆಂದು ಹಿಡಿದರೂ 240 ಗಂಟೆಗಳಾದವು. ದಿನಕ್ಕೆ ಎಂಟು ಗಂಟೆ ಬಿಡುವಿಲ್ಲದೆ ಕುಳಿತರೆ ಮೂವತ್ತು ದಿನ. ಅದೂ ಚಿತ್ರದಲ್ಲಿ ಒಂದೇ ಪಾತ್ರವಿದ್ದು, ಬರಿಯ ಪೆನ್ಸಿಲ್ ಗೆರೆಗಳಿಗೆ. ಗೆರೆಯನ್ನು ತಿದ್ದುವುದು, ಬಣ್ಣ ತುಂಬುವುದು, ಹಿನ್ನೆಲೆಯನ್ನು ಬರೆಯುವುದು, ಧ್ವನಿಯನ್ನು ಕೂಡಿಸುವುದು ಇವೆಲ್ಲವೂ ಆಮೇಲಿನ ಕೆಲಸಗಳು. ಕಂಪ್ಯೂಟರಿನಲ್ಲಿ ಬೊಂಬೆಯನ್ನು ನಿಲ್ಲಿಸಿ ಆಡಿಸುವ ಇನ್ನೊಂದು ಬಗೆಯಲ್ಲಿ ಲೆಕ್ಕವು ಬೇರೆಯಾಗುವುದಾದರೂ ತಾಳ್ಮೆಯ ವೆಚ್ಚವೇನೂ ಕಡಮೆಯಾಗದು.

ಇಷ್ಟು ದುಡಿದ ಮೇಲೆ, ಎಲ್ಲ ಮುಗಿದು ಬಣ್ಣ ಹಾಕಿ ತೋರಿಸಿದ ದಿನ, ನೋಡಿದವರೊಬ್ಬರು “ಇದರಲ್ಲಿ ಆ ಮುದುಕ ಯಾರು? ಅವನೇಕೆ ಓಡಿದ?” ಎಂದು ಕೇಳಿದರೆ ಆ ಮಗುವಿನ ಪಾಡೇನು? ಇದೇ ಪ್ರಶ್ನೆಯನ್ನು ಮೂರು ತಿಂಗಳ ಹಿಂದೆ ಕೇಳಿದ್ದರೆ ನಾಲ್ಕು ಚಿತ್ರಗಳನ್ನು ಅಳಿಸಿ ಬರೆದರೆ ಸಾಕಾಗುತ್ತಿತ್ತು. ಮನೆ ಕಟ್ಟುವವರು ಇದನ್ನು ಚೆನ್ನಾಗಿ ಬಲ್ಲರು. ಬಾಗಿಲು ಯಾವ ಕಡೆಗಿರಬೇಕೆಂಬ ಚರ್ಚೆಯನ್ನು ಪಾಯ ತೋಡುವ ಮೊದಲು ಮಾಡುವರೇ ಹೊರತು ಗೃಹಪ್ರವೇಶದ ದಿನ ಮಾಡುವುದಿಲ್ಲ.

ಈ ಕಾರಣದಿಂದಲೇ ಅನಿಮೇಷನ್ನಿನವರು ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿಕೊಂಡಿರುವರು. ಮೊದಲು ಕಥೆಯನ್ನು ಸಣ್ಣ ಸಣ್ಣ ಚೌಕಗಳಲ್ಲಿ ಗೀಚಿ ಗೋಡೆಯ ಮೇಲೆ ಸಾಲಾಗಿ ಅಂಟಿಸುವರು, ಇದು ಸ್ಟೋರಿಬೋರ್ಡ್. ಆ ಚೌಕಗಳನ್ನೇ ಒಂದರ ಹಿಂದೊಂದರಂತೆ, ಯಾವುದು ಎಷ್ಟು ಸೆಕೆಂಡು ನಿಲ್ಲಬೇಕೋ ಅಷ್ಟು ನಿಲ್ಲಿಸಿ, ತಾತ್ಕಾಲಿಕವಾದ ಮಾತು ಸದ್ದುಗಳನ್ನು ಸೇರಿಸಿ ಪರದೆಯ ಮೇಲೆ ಓಡಿಸುವರು. ಇದಕ್ಕೆ ಅನಿಮ್ಯಾಟಿಕ್ ಎಂದು ಹೆಸರು. ಅನಂತರ ಬರಿಯ ಗೆರೆಗಳಲ್ಲಿ ಚಲನೆಯನ್ನು ಬರೆದು ನೋಡುವುದು ಪೆನ್ಸಿಲ್ ಟೆಸ್ಟ್. ಬಣ್ಣ ಬರುವುದು ಕಟ್ಟಕಡೆಗೆ. ಒಂದೊಂದು ಮೆಟ್ಟಿಲಿನಲ್ಲಿಯೂ ನಿಂತು ಇತರರಿಗೆ ತೋರಿಸಲಿಕ್ಕೆ ಅವಕಾಶವುಂಟು.

ಚಿತ್ರಕ್ಕೆ ಜೀವ ತುಂಬುವ ಕಲೆಯು ನಮ್ಮವರಿಗೆ ಹೊಸದಲ್ಲ. ತೊಗಲು ಗೊಂಬೆಯಾಟವನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದದ್ದು ಈ ಕಲೆಗಾಗಿಯೇ. ಆದರೆ ಗೊಂಬೆಯಾಡಿಸುವವರಿಗೂ ಅನಿಮೇಷನ್ ಮಾಡುವವರಿಗೂ ಒಂದು ದೊಡ್ಡ ಅಂತರವಿದೆ. ಗೊಂಬೆಯವನು ಪರದೆಯ ಹಿಂದೆ ಕುಳಿತಿದ್ದರೂ ಜನರ ನಗೆಯೂ ನಿಟ್ಟುಸಿರೂ ಆಕಳಿಕೆಯೂ ಅವನ ಕಿವಿಗೆ ಬೀಳುತ್ತಲೇ ಇರುವುವು. ಯುದ್ಧದ ಪ್ರಸಂಗವು ಲಂಬಿಸಿ ಜನರು ತೂಕಡಿಸಿದರೆ ಕಿಳ್ಳೇಕ್ಯಾತ ಬಂಗಾರಕ್ಕರನ್ನು ತಂದು ಒಮ್ಮೆ ನಗಿಸಿ ಮುಂದೆ ಸಾಗಬಲ್ಲನು. ಅನಿಮೇಷನ್ ಮಾಡುವವರಿಗೆ ಈ ಭಾಗ್ಯವಿಲ್ಲ. ಇಂದು ಬರೆದ ಗೆರೆಗೆ ಜನರು ನಗುವರೋ ಇಲ್ಲವೋ ಎಂಬುದು ತಿಳಿಯುವುದು ತಿಂಗಳುಗಳ ಮೇಲೆ. ಆದುದರಿಂದ ಅವರು ನೋಟಕರನ್ನು ತಾವೇ ಮುಂಚಿತವಾಗಿ ಕರೆತರಬೇಕಾಗಿದೆ.

ಈ ಪದ್ಧತಿಯನ್ನು ಬಿಗಿಯಾಗಿ ನಡೆಸಿದವರಲ್ಲಿ ಅಮೆರಿಕದ ವಾಲ್ಟ್ ಡಿಸ್ನಿಯ ಚಿತ್ರಶಾಲೆಯವರು ಮುಖ್ಯರು. 1930ರ ದಶಕದಲ್ಲಿ ಅಲ್ಲಿ ಗಾಳಿಯಾಡದ ಒಂದು ಕಿರುಕೋಣೆಯಿತ್ತು. ಪೆನ್ಸಿಲ್ ಗೆರೆಗಳನ್ನು ಹಾಗೆಯೇ ಫಿಲ್ಮಿಗೆ ಇಳಿಸಿ ಅಲ್ಲಿ ತೋರಿಸುತ್ತಿದ್ದರು. ಬರೆದವನೂ ಅಲ್ಲಿಯೇ ಕುಳಿತಿರಬೇಕು. ಆ ಕೋಣೆಗೆ ಅವರೇ ಇಟ್ಟಿದ್ದ ಅಡ್ಡಹೆಸರನ್ನು ನಮ್ಮ ಮಾತಿನಲ್ಲಿ ಬೆವರಿನ ಪೆಟ್ಟಿಗೆ ಎನ್ನಬಹುದು. ಬೆವರು ಸೆಕೆಯಿಂದ ಮಾತ್ರ ಬರುತ್ತಿರಲಿಲ್ಲವೆಂಬುದು ಸ್ಪಷ್ಟ. 1937ರಲ್ಲಿ ತೆರೆಕಂಡ ಸ್ನೋ ವೈಟ್ ಚಿತ್ರಕ್ಕಾಗಿ ವಾರ್ಡ್ ಕಿಂಬಾಲ್ ಎಂಬ ಚಿತ್ರಕಾರನು, ಕುಳ್ಳರು ಸೂಪು ಕುಡಿಯುವ ಒಂದು ಹಾಸ್ಯ ಪ್ರಸಂಗವನ್ನು ಹಲವು ತಿಂಗಳು ಕುಳಿತು ಬರೆದನು. ಪ್ರಸಂಗವು ಸೊಗಸಾಗಿಯೇ ಇತ್ತು. ಕಥೆಯ ಓಟಕ್ಕೆ ಮಾತ್ರ ಅಡ್ಡ ಬರುತ್ತಿತ್ತು. ಡಿಸ್ನಿಯು ಅದನ್ನು ತೆಗೆದುಹಾಕಿಸಿದನು. ಕಿಂಬಾಲನು ಕೆಲಸ ಬಿಡುವ ಮನಸ್ಸು ಮಾಡಿ ಯಜಮಾನನ ಕೋಣೆಗೆ ಹೋದವನು, ಪಿನೋಕಿಯೋ ಚಿತ್ರದ ಮಿಡತೆಯ ಪಾತ್ರವನ್ನು ಒಪ್ಪಿಕೊಂಡು ಹೊರಗೆ ಬಂದನು.

ಆ ಪಿನೋಕಿಯೋ ಚಿತ್ರದಲ್ಲಿಯೇ ನಡೆದ ಇನ್ನೊಂದು ಸಂಗತಿಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಕಥಾನಾಯಕನು ಮರದ ಬೊಂಬೆ. ಆದಕಾರಣ ಮೊದಲು ಬರೆದವರು ಅವನನ್ನು ಮರದ ಬೊಂಬೆಯಂತೆಯೇ ಸೆಟೆದು ಬರೆದರು. ಮಿಲ್ಟ್ ಕಾಲ್ ಎಂಬ ಜೊತೆಗಾರನಿಗೆ ಅದು ರುಚಿಸಲಿಲ್ಲ; ಅವನು ಅದನ್ನು ಮುಚ್ಚುಮರೆಯಿಲ್ಲದೆ ಆಡಿಯೂ ತೋರಿಸಿದನು. ಹಿರಿಯನಾದ ಹ್ಯಾಮ್ ಲಸ್ಕೆಯು, ಹಾಗಾದರೆ ಹೇಗಿರಬೇಕೆಂಬುದನ್ನು ನೀನೇ ಬರೆದು ತೋರಿಸು ಎಂದನು. ಕಾಲನು ಮರವನ್ನು ಮರೆತು ಮೊದಲು ಒಬ್ಬ ಮುದ್ದು ಹುಡುಗನನ್ನು ಬರೆದು, ಆಮೇಲೆ ಮೊಣಕಾಲು ಮೊಣಕೈಗಳಿಗೆ ಮರದ ಕೀಲುಗಳನ್ನು ಹಚ್ಚಿದನು. ಅದು ಡಿಸ್ನಿಗೆ ಒಪ್ಪಿಗೆಯಾಯಿತು. 1940ರಲ್ಲಿ ಲೋಕವು ಕಂಡ ಪಿನೋಕಿಯೋ ಈ ಹುಡುಗನೇ. ಇಲ್ಲಿ ಟೀಕೆ ಬಂದದ್ದು ಸರೀಕನಿಂದ; ಟೀಕಿಸಿದವನು ಬರಿಯ ಮಾತಿನಲ್ಲಿ ನಿಲ್ಲದೆ ಕಾಗದದ ಮೇಲೆ ಉತ್ತರವನ್ನು ಕೊಡಬೇಕಾಯಿತು. ಹೀಗೆ ಕೇಳುವವರಿದ್ದರೆ ವಿಮರ್ಶಕರ ಸಂಖ್ಯೆಯು ಕೊಂಚ ಕಡಮೆಯಾದೀತೆಂದು ನಮಗೆ ತೋರುತ್ತದೆ.

ಟಾಯ್ ಸ್ಟೋರಿ ಎಂಬ ಚಿತ್ರವನ್ನು ನಮ್ಮ ಮಕ್ಕಳು ಬಲ್ಲರು. 1995ರಲ್ಲಿ ಬಂದ ಇದು ಪೂರ್ತಿಯಾಗಿ ಕಂಪ್ಯೂಟರಿನಲ್ಲಿಯೇ ರಚಿತವಾದ ಮೊದಲ ಪೂರ್ಣಪ್ರಮಾಣದ ಚಲನಚಿತ್ರ. 1993ರ ನವೆಂಬರಿನಲ್ಲಿ, ಎಂದರೆ ತೆರೆಗೆ ಬರುವ ಎರಡು ವರ್ಷಗಳ ಮೊದಲು, ಅದರ ಅರೆಬರೆಯ ರೂಪವನ್ನು ಪಿಕ್ಸಾರಿನವರು ಹಣ ಹಾಕಿದ ಡಿಸ್ನಿ ಸಂಸ್ಥೆಯವರಿಗೆ ತೋರಿಸಿದರು. ನೋಡಿದವರಿಗೆ ಯಾರಿಗೂ ಹಿಡಿಸಲಿಲ್ಲ. ನಾಯಕನಾದ ವುಡಿ ಎಂಬ ಗೊಂಬೆಯು ಕ್ರೂರಿಯಾಗಿದ್ದನು. ತನ್ನ ಎದುರಾಳಿಯನ್ನು ಬೇಕೆಂದೇ ಕಿಟಕಿಯಿಂದ ಹೊರಕ್ಕೆ ತಳ್ಳುತ್ತಿದ್ದನು. ಕೆಲಸವು ನಿಂತಿತು. ಕಥೆಯನ್ನು ಕೆಲವು ತಿಂಗಳು ಕುಳಿತು ಪುನಃ ಬರೆದರು. ಈಗ ನಾವು ನೋಡುವ ಚಿತ್ರದಲ್ಲಿ ಎದುರಾಳಿಯು ಕಿಟಕಿಯಿಂದ ಬೀಳುವುದು ಆಕಸ್ಮಿಕವಾಗಿ. ವುಡಿಗೆ ಅಸೂಯೆಯುಂಟು, ಕೊಲೆಗಡುಕತನವಿಲ್ಲ. ಅಂದು ತೋರಿಸದೆ ಹೋಗಿದ್ದರೆ ಆ ಕ್ರೂರ ಗೊಂಬೆಯೇ ಲೋಕದ ಮಕ್ಕಳ ಮುಂದೆ ಬಂದು ನಿಲ್ಲುತ್ತಿತ್ತು.

ದೊಡ್ಡವರ ಮಾತು ಇರಲಿ. ನಮ್ಮ ಕಡೆಯ ಒಂದು ನಿದರ್ಶನವನ್ನು ಕಲ್ಪಿಸಿಕೊಂಡು, ಇದೆಲ್ಲವೂ ಸಣ್ಣ ಪ್ರಮಾಣದಲ್ಲಿ ಹೇಗೆ ನಡೆದೀತೆಂಬುದನ್ನು ನೋಡೋಣ. ಕಲ್ಪನೆಯಾದುದರಿಂದ ಹೆಸರುಗಳ ಅಗತ್ಯವಿಲ್ಲ. ಆದರೆ ಊರು ಕಲ್ಪನೆಯದಲ್ಲ. ಗುಂಡ್ಲುಪೇಟೆಯಲ್ಲಿ ಹೆದ್ದಾರಿಯು ಕವಲೊಡೆದು ಒಂದು ಊಟಿಯ ಕಡೆಗೂ ಇನ್ನೊಂದು ಸುಲ್ತಾನ್ ಬತ್ತೇರಿಯ ಕಡೆಗೂ ಹೋಗುವುದನ್ನು ವಾಚಕರು ಕಂಡಿರಬಹುದು. ಎರಡೂ ದಾರಿಗಳು ಹೊಗುವುದು ಬಂಡೀಪುರದ ಕಾಡನ್ನು. 1973ರಿಂದ ಅದು ಹುಲಿ ಯೋಜನೆಗೆ ಸೇರಿದ ಕಾಡು. 2009ರಿಂದ ರಾತ್ರಿಯ ಹೊತ್ತು ಅಲ್ಲಿ ವಾಹನಗಳ ಓಡಾಟಕ್ಕೆ ತಡೆಯುಂಟು. ಕಾಡಿನ ಅಂಚಿನ ಹಳ್ಳಿಗಳಲ್ಲಿ ಬೆಳೆಯು ಕೊಯ್ಲಿಗೆ ಬಂತೆಂದರೆ ಆನೆಯ ಕಾಟವು ಮೊದಲಾಗುತ್ತದೆ. ರೈತರು ಹೊಲದಲ್ಲಿ ಅಟ್ಟಣೆ ಕಟ್ಟಿಕೊಂಡು ರಾತ್ರಿಯೆಲ್ಲ ಕಾವಲಿರುವರು.

ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ಬೆಳೆದು ಮೈಸೂರಿನಲ್ಲಿ ಓದುತ್ತಿರುವ ಒಬ್ಬ ಹುಡುಗಿ ತನ್ನ ಎರಡು ನಿಮಿಷದ ಚಿತ್ರಕ್ಕೆ ಈ ವಸ್ತುವನ್ನೇ ಆರಿಸಿಕೊಂಡಳೆನ್ನಿ. ಕತ್ತಲೆ; ರಾಗಿಯ ಹೊಲ; ಕಂಬಳಿ ಹೊದ್ದ ಮುದುಕನೊಬ್ಬನು ಅಟ್ಟಣೆಯನ್ನು ಏರುವನು. ನಡುರಾತ್ರಿಯಲ್ಲಿ ಮರಿಯೊಂದಿಗೆ ತಾಯಾನೆಯು ಬರುವುದು. ಮುದುಕನು ಬೆದರಿ ಕೆಳಕ್ಕೆ ಹಾರಿ, ಟಾರ್ಚನ್ನು ಬೀಳಿಸಿ, ಎಡವಿ, ಕೆಸರಿನಲ್ಲಿ ಉರುಳಿ ಓಟ ಕೀಳುವನು. ಆನೆಗಳು ತಿಂದು ಹೊರಟುಹೋಗುವುವು. ಬೆಳಗಾಗುವುದು. ಅನಿಮ್ಯಾಟಿಕ್ ಸಿದ್ಧವಾಗಿದೆ, ಇನ್ನು ಚಲನೆಯನ್ನು ಬರೆಯಲು ಕುಳಿತುಕೊಳ್ಳಬೇಕು.

ಅವಳು ಮೊದಲು ತನ್ನ ತರಗತಿಯವರಿಗೆ ತೋರಿಸಿದಳು. ತೋರಿಸುವ ಮೊದಲು ಕಥೆಯನ್ನೆಲ್ಲ ಬಾಯಿಂದ ಹೇಳಿಬಿಟ್ಟಳು. ಇದರಿಂದ ನೋಟವು ಅರ್ಧ ಕೆಟ್ಟಿತು; ಏಕೆಂದರೆ ಸಿನಿಮಾ ಮಂದಿರದಲ್ಲಿ ನೋಟಕರ ಪಕ್ಕದಲ್ಲಿ ಕುಳಿತು ಹೇಳುವವರು ಯಾರೂ ಇರುವುದಿಲ್ಲ. “ಹೇಗಿದೆ?” ಎಂದು ಕೇಳಿದಳು. “ಚೆನ್ನಾಗಿದೆ” ಎಂದರು. ಒಬ್ಬನು ಆಕಾಶಕ್ಕೆ ಇನ್ನಷ್ಟು ನೀಲಿ ಬೇಕೆಂದನು; ಬಣ್ಣದ ಮಾತು ಇನ್ನೂ ಎರಡು ತಿಂಗಳು ದೂರವಿತ್ತು. ಇನ್ನೊಬ್ಬಳು ಆನೆಗಳು ಮಾತಾಡಿದರೆ ಸೊಗಸು ಎಂದಳು. ಇಂಥ ಸಲಹೆಗಳಿಂದ ಕೇಡಿಲ್ಲ, ಉಪಯೋಗವೂ ಇಲ್ಲ. ಹೇಗಿದೆ ಎಂಬ ಪ್ರಶ್ನೆಗೆ ಚೆನ್ನಾಗಿದೆ ಎಂಬ ಉತ್ತರವನ್ನು ಬಿಟ್ಟು ಬೇರೆ ಉತ್ತರವನ್ನು ಕೊಡುವುದು ಸ್ನೇಹಿತರಿಗೆ ಕಷ್ಟ. ಮದುವೆಮನೆಯಲ್ಲಿ ಊಟ ಹೇಗಿತ್ತು ಎಂದು ಕೇಳಿದ ಹಾಗೆ.

ಮರುದಿನ ಅವಳು ಬೇರೆಯ ತರಗತಿಯ ನಾಲ್ವರನ್ನು ಕರೆದು, ಏನನ್ನೂ ಹೇಳದೆ ತೋರಿಸಿ, “ಏನು ನಡೆಯಿತು, ಹೇಳಿ” ಎಂದಷ್ಟೇ ಕೇಳಿದಳು. ಒಬ್ಬನು ಹೇಳಿದ್ದೇನೆಂದರೆ, ಕಂಬಳಿಯಿಂದ ತಲೆಯನ್ನು ಮುಚ್ಚಿಕೊಂಡು ಕತ್ತಲೆಯಲ್ಲಿ ರಾಗಿ ಕದಿಯಲು ಬಂದ ಕಳ್ಳನನ್ನು ಆನೆಯು ಓಡಿಸಿತು! ಉಳಿದವರಲ್ಲಿ ಇಬ್ಬರು ಅದಕ್ಕೆ ತಲೆದೂಗಿದರು. ಹುಡುಗಿಗೆ ದಿಗ್ಭ್ರಮೆಯಾಯಿತು. ಅವನು ಕಾವಲುಗಾರನೆಂಬುದು ಅವಳಿಗೆ ಎಷ್ಟು ಚೆನ್ನಾಗಿ ತಿಳಿದಿತ್ತೆಂದರೆ, ಅದನ್ನು ಚಿತ್ರದಲ್ಲಿ ತೋರಿಸಬೇಕೆಂಬುದೇ ಹೊಳೆದಿರಲಿಲ್ಲ. ಬರೆದವರ ತಲೆಯಲ್ಲಿರುವುದೆಲ್ಲವೂ ಕಾಗದದ ಮೇಲೆ ಇದೆಯೆಂದು ಬರೆದವರಿಗೆ ತೋರುವುದು ಸಹಜ. ಅಲ್ಲಿ ಇಲ್ಲದಿರುವುದನ್ನು ಕಾಣಲು ಹೊರಗಿನ ಕಣ್ಣೇ ಬೇಕು. ಪರಿಹಾರವು ಸುಲಭವಾಗಿತ್ತು. ಮುಸ್ಸಂಜೆಯ ಬೆಳಕಿನಲ್ಲಿ ಮುದುಕನು ಮನೆಯಿಂದ ಬುತ್ತಿಗಂಟನ್ನು ಹಿಡಿದು ಹೊರಡುವ ಆರು ಸೆಕೆಂಡುಗಳ ಒಂದು ದೃಶ್ಯವನ್ನು ಮುಂದೆ ಸೇರಿಸಿದರೆ ಸಾಕಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ಆ ನಾಲ್ವರಲ್ಲಿ ಒಬ್ಬನು, ಮುದುಕನ ಎದೆಯ ಮೇಲೆ ಕಾವಲುಗಾರ ಎಂದು ಬರೆದ ಬಿಲ್ಲೆಯನ್ನು ಹಚ್ಚು ಎಂದಿದ್ದನು. ಅವನು ಕಂಡ ತಪ್ಪು ನಿಜವಾದುದು. ಹೇಳಿದ ಮದ್ದು ಮಾತ್ರ ಸಲ್ಲದು. ರೋಗಿಯು ಹೊಟ್ಟೆನೋವು ಎಂದರೆ ವೈದ್ಯನು ನಂಬಬೇಕು. ಇಂಥದೇ ಗುಳಿಗೆ ಬೇಕೆಂದರೆ ಯೋಚಿಸಬೇಕು. ಒಬ್ಬರು ಒಂದು ಕಡೆ ಎಡವಿದರೆ ಅದು ಅವರ ಗಮನದ ದೋಷವಿರಬಹುದು, ಮೂವರು ಒಂದೇ ಕಡೆ ಎಡವಿದರೆ ಅಲ್ಲಿ ಕಲ್ಲಿದೆಯೆಂದೇ ತಿಳಿಯತಕ್ಕದ್ದು. ಕಲ್ಲನ್ನು ತೆಗೆಯುವ ಬಗೆಯನ್ನು ಬರೆದವರೇ ನಿಶ್ಚಯಿಸಬೇಕು.

ಶನಿವಾರ ಹುಡುಗಿಯು ಊರಿಗೆ ಬಂದಳು. ಅಷ್ಟರಲ್ಲಿ ಆನೆಯ ನಡಿಗೆಯ ಪೆನ್ಸಿಲ್ ಟೆಸ್ಟ್ ಒಂದಿಷ್ಟು ಆಗಿತ್ತು. ಅಜ್ಜಿಗೆ ತೋರಿಸಿದಳು. ಅಜ್ಜಿಯು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿ, “ಹೆಣ್ಣಾನೆಗೆ ಎಲ್ಲಾದ್ರೂ ಕೊಂಬಿದ್ದದಾ ಕೂಸೇ?” ಎಂದಳು. ನಿಜ. ನಮ್ಮ ದೇಶದ ಹೆಣ್ಣಾನೆಗೆ ಹೊರಕ್ಕೆ ಚಾಚಿದ ದಂತಗಳಿರುವುದಿಲ್ಲ. ಆಫ್ರಿಕದ ಆನೆಗಳಲ್ಲಿ ಗಂಡಿಗೂ ಹೆಣ್ಣಿಗೂ ಸಾಮಾನ್ಯವಾಗಿ ಇರುತ್ತವೆ. ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. “ಆನೆ ಕಿವಿ ಮೊರದಂಗಿರ್ತದೆ. ಇದು ಚಾಪೆಯಂಗದಲ್ಲ!” ಅದೂ ನಿಜವೇ. ಹೊರದೇಶದ ಚಿತ್ರಗಳನ್ನು ನೋಡಿ ಕಲಿತ ಕೈಯು, ಅರಿವಿಲ್ಲದೆಯೇ ಆಫ್ರಿಕದ ಅಗಲವಾದ ಕಿವಿಯನ್ನು ಬಂಡೀಪುರದ ಆನೆಗೆ ಹಚ್ಚಿತ್ತು. ಗಣಪತಿಗೆ ಶೂರ್ಪಕರ್ಣನೆಂಬ ಹೆಸರಿರುವ ನಾಡಿನಲ್ಲಿ ಇದನ್ನು ಕಂಡುಹಿಡಿಯಲು ಅಜ್ಜಿಗೆ ಅನಿಮೇಷನ್ ಬರಬೇಕಾಗಿರಲಿಲ್ಲ.

ಕಾಲಿನ ವಿಷಯವು ಇದಕ್ಕಿಂತ ಕಠಿಣವಾದುದು. ಇಲ್ಲಿ ಸಹಪಾಠಿಗಳ ಕಸುಬಿನ ಕಣ್ಣೇ ಬೇಕಾಯಿತು. ಆನೆಯ ಹಿಂಗಾಲನ್ನು ಹೊಸಬರು ನಾಯಿಯ ಹಿಂಗಾಲಿನಂತೆ ಹಿಂದಕ್ಕೆ ಮುರಿದು ಬರೆಯುವುದುಂಟು. ಆದರೆ ಆನೆಯ ಹಿಂಗಾಲು ಕಂಬದಂತೆ ಕೆಳಕ್ಕೆ ಇಳಿದು, ನಡುವೆ ಮನುಷ್ಯನ ಮೊಣಕಾಲಿನಂತೆ ಮುಂದಕ್ಕೆ ಮಡಿಯುವುದು. ನಡೆಯುವಾಗ ಮೊದಲು ಎಡ ಹಿಂಗಾಲು, ಅನಂತರ ಎಡ ಮುಂಗಾಲು, ಆಮೇಲೆ ಬಲ ಹಿಂಗಾಲು, ಬಲ ಮುಂಗಾಲು ಎಂಬ ಕ್ರಮದಲ್ಲಿ ಎತ್ತುವುದು; ಮುಂಗಾಲು ಊರಿದ ಎಡೆಯ ಹತ್ತಿರಕ್ಕೇ ಹಿಂಗಾಲು ಬಂದು ಬೀಳುವುದು. ಎಷ್ಟೇ ವೇಗವಾಗಿ ಹೋದರೂ ಕುದುರೆಯ ಹಾಗೆ ನಾಲ್ಕು ಕಾಲುಗಳನ್ನೂ ಒಮ್ಮೆಗೇ ನೆಲದಿಂದ ಎತ್ತುವುದಿಲ್ಲ. ಮೈಬ್ರಿಡ್ಜ್ ಎಂಬವನು 1887ರಲ್ಲಿ ಪ್ರಕಟಿಸಿದ, ಪ್ರಾಣಿಗಳ ಚಲನೆಯ ಸಾಲು ಸಾಲು ಛಾಯಾಚಿತ್ರಗಳಲ್ಲಿ ಆನೆಯದೂ ಉಂಟು. ಗೆಳತಿಯೊಬ್ಬಳು ಅದನ್ನು ಪಕ್ಕದಲ್ಲಿಟ್ಟುಕೊಂಡು, ಹುಡುಗಿಯ ಗೆರೆಗಳ ಮೇಲೆ ಬೇರೊಂದು ಹಾಳೆಯಲ್ಲಿ ಕೆಂಪು ಪೆನ್ಸಿಲಿನಿಂದ ನಾಲ್ಕು ಕಾಲುಗಳ ಸ್ಥಾನವನ್ನು ಗುರುತಿಸಿ ತೋರಿಸಿದಳು. ಮೂಲದ ಹಾಳೆಯನ್ನು ಮುಟ್ಟಲಿಲ್ಲ. ಇದು ಒಳ್ಳೆಯ ಪದ್ಧತಿ. ನೆರವಾಗುವ ಹುಮ್ಮಸ್ಸಿನಲ್ಲಿ ಪೆನ್ಸಿಲನ್ನೇ ಕಿತ್ತುಕೊಂಡು ಬರೆದುಕೊಡುವ ಗೆಳೆಯರಿದ್ದಾರೆ. ಅವರಿಂದ ಚಿತ್ರವು ಉದ್ಧಾರವಾದರೂ ವಿದ್ಯಾರ್ಥಿಯು ಆಗುವುದಿಲ್ಲ.

ಇನ್ನು ಉಳಿದದ್ದು ಆ ಓಟದ ದೃಶ್ಯ. ಮುದುಕನು ಟಾರ್ಚ್ ಬೀಳಿಸಿ ಕೆಸರಿನಲ್ಲಿ ಉರುಳುವಾಗ ಮೈಸೂರಿನಲ್ಲಿ ಎಲ್ಲರೂ ನಕ್ಕಿದ್ದರು. ಹುಡುಗಿಗೆ ಆ ನಗೆಯ ಮೇಲೆ ಬಹಳ ಹೆಮ್ಮೆಯಿತ್ತು. ಆದರೆ ಊರಿನಲ್ಲಿ ಅವಳೊಡನೆ ಹೈಸ್ಕೂಲಿನಲ್ಲಿ ಓದಿದ, ಕಾಡಂಚಿನ ಹಳ್ಳಿಯ ಹುಡುಗನೊಬ್ಬನು ಅದನ್ನು ನೋಡಿ ನಗಲಿಲ್ಲ. ಏನನ್ನೂ ಹೇಳಲೂ ಇಲ್ಲ. ಅವಳು ಒತ್ತಾಯಿಸಿ ಕೇಳಿದ ಮೇಲೆ, “ನಮ್ಮ ಕಡೆ ಆನೆ ಬಂದಾಗ ಓಡಿ ಬಿದ್ದವರು ಎದ್ದು ಬರುವುದಿಲ್ಲ” ಎಂದನು. ಅವನ ಮನೆಯ ಗಂಡಸರೆಲ್ಲರೂ ಕಾವಲಿಗೆ ಹೋಗುವವರು.

ಇಂಥ ಮಾತು ಬಂದಾಗ ವಿದ್ಯಾರ್ಥಿಯು ಏನು ಮಾಡಬೇಕು? ಹತ್ತು ಜನ ನಕ್ಕಿದ್ದಾರೆ, ಒಬ್ಬನು ಸುಮ್ಮನಿದ್ದಾನೆ. ಎಣಿಕೆಯಿಂದ ನೋಡಿದರೆ ನಗೆಯದೇ ಗೆಲುವು. ಆದರೆ ಅಭಿಪ್ರಾಯಗಳನ್ನು ಎಣಿಸುವುದಕ್ಕಿಂತ ತೂಗುವುದು ಹೆಚ್ಚು. ಚಿತ್ರವು ಯಾರನ್ನು ಕುರಿತದ್ದೋ ಅವರಲ್ಲಿ ಒಬ್ಬನ ಮೌನವು ಹತ್ತು ನಗೆಗಳಿಗಿಂತ ಭಾರವಾದುದು. ಹಾಗೆಂದು ಅವನು ದೃಶ್ಯವನ್ನು ತೆಗೆಯೆಂದು ಹೇಳಿರಲಿಲ್ಲ. ಹೇಳಿದ್ದರೂ ಕೇಳಲೇಬೇಕೆಂಬ ಕಟ್ಟುಪಾಡಿಲ್ಲ. ತೀರ್ಮಾನವು ಅವಳದು. ಅವಳು ಎರಡು ದಿನ ಯಾವ ಗೆರೆಯನ್ನೂ ಎಳೆಯಲಿಲ್ಲ. ಮೂರನೆಯ ದಿನ ನಗೆಯನ್ನೆಲ್ಲ ಚಿತ್ರದ ಮೊದಲ ಭಾಗಕ್ಕೆ ಸಾಗಿಸಿದಳು: ಹತ್ತದ ಟಾರ್ಚನ್ನು ಮುದುಕನು ಅಂಗೈಗೆ ಬಡಿಯುವುದು, ಅದು ಹತ್ತಿದೊಡನೆ ತನ್ನ ಕಣ್ಣಿಗೇ ಹೊಡೆಯುವುದು, ಬುತ್ತಿಯನ್ನು ಬಿಚ್ಚುವಾಗ ಮುದ್ದೆಯು ಕೈಜಾರುವುದು. ಆನೆಯು ಬಂದಾಗ ಈಗ ಅವನು ಓಡುವುದಿಲ್ಲ. ಟಾರ್ಚನ್ನು ಆರಿಸಿ, ಉಸಿರು ಬಿಗಿಹಿಡಿದು ಅಟ್ಟಣೆಯ ಮೇಲೆ ಕುಳಿತಿರುವನು. ಪರದೆಯು ಕಪ್ಪಾಗಿ, ರಾಗಿಯ ತೆನೆಗಳನ್ನು ಸೆಳೆದು ಕೀಳುವ ಸದ್ದು ಮಾತ್ರ ಹನ್ನೆರಡು ಸೆಕೆಂಡು ಕೇಳುವುದು. ಈ ಹನ್ನೆರಡು ಸೆಕೆಂಡಿಗೆ ಅವಳು ಒಂದು ಚಿತ್ರವನ್ನೂ ಬರೆಯಬೇಕಾಗಲಿಲ್ಲವೆಂಬುದು ಬೇರೆ ಮಾತು.

ಓಟದ ದೃಶ್ಯವನ್ನು ಆಗಲೇ ಪೂರ್ತಿಯಾಗಿ ಬರೆದು ಬಣ್ಣ ತುಂಬಿದ್ದರೆ ಅವಳಿಗೆ ಈ ಮನಸ್ಸು ಬರುತ್ತಿತ್ತೇ? ನಮಗೆ ಸಂದೇಹ. ತಿಂಗಳ ದುಡಿಮೆಯನ್ನು ಬುಟ್ಟಿಗೆ ಹಾಕಲು ಎಲ್ಲರೂ ಕಿಂಬಾಲರಲ್ಲ. ಅವನೂ ಮನಸ್ಸಿನಿಂದ ಹಾಕಿದವನಲ್ಲ.

ಸರೀಕರು ಒಬ್ಬರ ಬರವಣಿಗೆಯನ್ನು ಒಬ್ಬರು ಕೇಳಿ ತಿದ್ದುವುದು ಕನ್ನಡಿಗರಿಗೆ ಅಪರಿಚಿತವೇನಲ್ಲ. 1922ರಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಮೊದಲಾದ ಗೆಳೆಯರ ಗುಂಪನ್ನು ಸಾಹಿತ್ಯಪ್ರಿಯರು ಮರೆತಿಲ್ಲ. ಶಂ. ಬಾ. ಜೋಶಿ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ ಮೊದಲಾದವರು ಆ ಬಳಗಕ್ಕೆ ಸೇರಿದವರು. ಪರೀಕ್ಷೆಯಿಲ್ಲ, ಅಂಕಗಳಿಲ್ಲ, ಸಂಬಳವಿಲ್ಲ; ಹೊಸತನ್ನು ಬರೆದವರಿಗೆ ಕೇಳುವ ಕಿವಿಗಳಿದ್ದವು. ಅನಿಮೇಷನ್ ವಿದ್ಯಾರ್ಥಿಗಳಿಗೆ ತರಗತಿಯೇ ಅಂಥ ಗುಂಪಾಗಬೇಕು. ಹಲವೆಡೆ ಅದು ಆಗುವುದಿಲ್ಲ. ಏಕೆಂದರೆ ಅಂಕಗಳ ಪೈಪೋಟಿಯಿರುವಲ್ಲಿ ಅರೆಬರೆಯ ಕೆಲಸವನ್ನು ತೋರಿಸುವುದೆಂದರೆ ಕೊಳಕು ಪಾತ್ರೆಗ ಳನ್ನು ಅತಿಥಿಗಳಿಗೆ ತೋರಿಸಿದಂತೆ ಎಂದು ಮಕ್ಕಳು ತಿಳಿಯುವರು. ಈ ಸಂಕೋಚವನ್ನು ಕಳೆಯುವುದಕ್ಕೆ ಮೊದಲು ಉಪಾಧ್ಯಾಯರು ತಮ್ಮದೇ ಅರೆಬರೆಯ ಚಿತ್ರವೊಂದನ್ನು ತಂದು ಮಕ್ಕಳ ಮುಂದೆ ಇಡುವುದು ಒಳ್ಳೆಯ ಉಪಾಯ.

ಈಗ ಮನೆಯವರಿಗೆ ಎರಡು ಮಾತು. ಮಗುವು ಚಿತ್ರವನ್ನು ತಂದು ತೋರಿಸಿದಾಗ ಒಲೆಯ ಮೇಲಿನದನ್ನು ಇಳಿಸಿ, ಎರಡು ನಿಮಿಷ ಪೂರ್ತಿಯಾಗಿ ನೋಡಿರಿ. ನೋಡುವಾಗ ಮಾತಾಡಬೇಡಿರಿ. ಆ ಹೊತ್ತಿನಲ್ಲಿ ಜಾಣ ವಿದ್ಯಾರ್ಥಿಯು ಪರದೆಯನ್ನು ನೋಡದೆ ನಿಮ್ಮ ಮುಖವನ್ನೇ ನೋಡುತ್ತಿರುವನು. ನೀವು ಎಲ್ಲಿ ಹುಬ್ಬು ಗಂಟಿಕ್ಕಿದಿರಿ, ಎಲ್ಲಿ ನಿಮ್ಮ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು ಎಂಬುದೆಲ್ಲವೂ ಅವನಿಗೆ ಬೇಕಾದದ್ದೇ. ಮುಗಿದ ಮೇಲೆ, ಚೆನ್ನಾಗಿದೆ ಎನ್ನುವುದಕ್ಕೆ ಮೊದಲು, ನೀವು ಕಂಡ ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳಿರಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲವೆನ್ನಿರಿ; ನಾವು ಓದಿದವರಲ್ಲ, ನಮಗೇನು ತಿಳಿದೀತು ಎಂದು ಹಿಂಜರಿಯಬೇಡಿರಿ. ಮನೆಯಲ್ಲಿ ಐದಾರು ವರ್ಷದ ಮಗುವಿದ್ದರೆ ಅದನ್ನೂ ಕರೆದು ಕೂರಿಸಿರಿ. ಬೇಸರವಾದಾಗ ಎದ್ದುಹೋಗುವ ಧೈರ್ಯವು ಅದಕ್ಕೆ ಮಾತ್ರ ಇರುತ್ತದೆ. “ಇಷ್ಟಕ್ಕೆ ಇಷ್ಟು ದಿನ ಬೇಕಾಯಿತೇ?” ಎಂಬ ಒಂದು ಮಾತನ್ನು ಮಾತ್ರ, ನಾಲಗೆಯ ತುದಿಗೆ ಬಂದರೂ, ನುಂಗಿಕೊಳ್ಳತಕ್ಕದ್ದು. ಮೇಲೆ ಹೇಳಿದ 1,440ರ ಲೆಕ್ಕವನ್ನು ಆಗ ನೆನೆದುಕೊಂಡರೆ ನುಂಗುವುದು ಸುಲಭ.

ತೋರಿಸುವವರೂ ನೋಟಕರ ಮಾತನ್ನು ತಡೆಯದೆ ಬರೆದುಕೊಳ್ಳಬೇಕು. “ಅದು ಹಾಗಲ್ಲ, ನಾನು ಅಂದುಕೊಂಡದ್ದು” ಎಂದು ವಾದಕ್ಕೆ ನಿಂತರೆ ನೋಟಕರು ಮುಂದಿನ ಸಲ ಚೆನ್ನಾಗಿದೆ ಎಂದು ಹೇಳಿ ಪಾರಾಗುವರು.

ಇದಕ್ಕೆಲ್ಲ ಒಂದು ಗಡುವೂ ಉಂಟು. ಬಣ್ಣ ತುಂಬಿ, ಧ್ವನಿ ಕೂಡಿಸಿ, ಕಾಲೇಜಿಗೆ ಒಪ್ಪಿಸಿ ಆದ ಮೇಲೆ ಚಿತ್ರವು ಮನೆಗೆ ಬಂದರೆ, ಅದನ್ನು ನೆಂಟರಿಷ್ಟರೊಡನೆ ಕುಳಿತು ಸುಮ್ಮನೆ ನೋಡಿ ಸಂತೋಷಪಡುವುದು. ಆಗ ಹಿಂದಿನ ಸಾಲಿನ ಯಾವುದೋ ಹೆಣ್ಣಾನೆಗೆ ಕೊಂಬು ಉಳಿದುಬಿಟ್ಟಿದ್ದುದು ಅಜ್ಜಿಯ ಕಣ್ಣಿಗೆ ಬಿದ್ದರೂ, ಅಂದು ಅದರ ಮಾತನ್ನು ಎತ್ತಕೂಡದು.